ಸಾದೃಶ್ಯದೋಷ

ರಾಯಚೂರು ಜಿಲ್ಲೆಯ ಕವಿತಾಳದ ಸುತ್ತಿನ ನೆಲ ದಾಸರ ನೆಲ. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟ, ಎರಡೂ ಮಾನ್ವಿ ಸೀಮೆಯವೇ. ಹರಿಕಥಾಮೃತಸಾರದ ಷಟ್ಪದಿಗಳನ್ನು ಬಾಯಿಪಾಠ ಮಾಡಿದ ಮನೆಗಳಲ್ಲಿ ಮಧ್ವಮತದ ಪಂಚಭೇದವೆಂಬುದು ಮಕ್ಕಳ ಕಿವಿಗೂ ಬಿದ್ದ ಮಾತು. ಈಶನಿಗೂ ಜೀವನಿಗೂ, ಈಶನಿಗೂ ಜಡಕ್ಕೂ, ಜೀವಜೀವರಿಗೂ, ಜೀವನಿಗೂ ಜಡಕ್ಕೂ ಇರುವ ಭೇದಗಳನ್ನು ಹೇಳಿ ಮುಗಿಸಿ, ಕಡೆಯಲ್ಲಿ ಜಡಕ್ಕೂ ಜಡಕ್ಕೂ ಭೇದವೆನ್ನುವಷ್ಟರಲ್ಲಿ ಕೇಳುವವರ ಗಮನ ಎದ್ದು ಹೋಗಿರುತ್ತದೆ. ಕಲ್ಲು ಬೇರೆ, ಮಣ್ಣು ಬೇರೆ ಎನ್ನಲು ಶಾಸ್ತ್ರವೇಕೆಂದು ನಾನೂ ಬಹುಕಾಲ ಎಣಿಸಿದ್ದೆನು. ಮಿದುಳಿನ ಎರಡು ಎಂ.ಆರ್.ಐ. ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವವರೆಗೆ ಆ ಔದಾಸೀನ್ಯ ನನ್ನನ್ನು ಬಿಡಲಿಲ್ಲ.

ಕವಿತಾಳದ ಕಡೆಯ ಒಬ್ಬ ರೈತನನ್ನು ಭಾವಿಸಿಕೊಳ್ಳೋಣ. ಚಿಕ್ಕಂದಿನಿಂದ ಕಿವಿ ಸೋರುತ್ತಿದೆ. ಹತ್ತಿ ತುರುಕಿಕೊಂಡೇ ಹತ್ತಿ ಬಿಡಿಸಿದವನು. ಒಂದು ಸುಗ್ಗಿಯಲ್ಲಿ ತಲೆನೋವು, ವಾಂತಿ, ಮಾತಿನ ತಡವರಿಕೆ. ರಾಯಚೂರಿಗೆ ಕರೆತಂದು, ಚಿತ್ರವನ್ನು ಬೆಳಗಿಸುವ ಗ್ಯಾಡೊಲಿನಿಯಂ ಮದ್ದು ಚುಚ್ಚಿ ಚಿತ್ರ ತೆಗೆದರೆ, ಕಿವಿಯ ಮೇಲ್ಗಡೆ ಮಿದುಳಿನಲ್ಲಿ ಒಂದು ಬೆಳ್ಳನೆಯ ಉಂಗುರ, ನಡುವೆ ಕಪ್ಪು. ಕೀವು ತುಂಬಿದ ಕುರುವಿಗೂ ಇದೇ ಉಂಗುರ, ಒಡಲು ಕೊಳೆತ ಅರ್ಬುದಕ್ಕೂ, ಅಂದರೆ ಗಡ್ಡೆಗೂ, ಇದೇ ಉಂಗುರ. ಕಿವಿಯ ಕೀವು ಒಳಕ್ಕೆ ಹರಿದಿರಬಹುದೆಂಬ ಊಹೆಗೆ ಬಲವುಂಟು. ಆದರೆ ಕಿವಿ ಸೋರುವವನಿಗೆ ಅರ್ಬುದವಾಗಬಾರದೆಂಬ ನಿಯಮವಿಲ್ಲ, ಮಿದುಳಿನ ಕುರುವಾದರೋ ಎಷ್ಟೋ ವೇಳೆ ಜ್ವರವನ್ನೇ ತೋರಿಸದು. “ಗಡ್ಡೀನೋ ಕೀವೋ, ಅಷ್ಟ ಹೇಳ್ರಿ ಸಾಹೇಬ್ರ” ಎಂದು ಮನೆಯವರು ಕೇಳುವುದು ಎರಡು ಪ್ರಾರಬ್ಧಗಳ ನಡುವಿನ ಪ್ರಶ್ನೆ. ಕೀವೆಂಬ ಹೇಸಿಗೆಯ ಪದ ಬಾಯಿಂದ ಬರಲೆಂದು ಹರಕೆ ಹೊರುವ ಸ್ಥಳ ಲೋಕದಲ್ಲಿ ಇದೊಂದೇ ಇರಬೇಕು.

ಅರ್ಬುದವು ಪಾಕಗೊಳ್ಳದು, ಅಂದರೆ ಕೀವಾಗದು, ಎಂದು ಸುಶ್ರುತನು ನಿದಾನಸ್ಥಾನದಲ್ಲಿ ಲಕ್ಷಣ ಹೇಳಿದ್ದಾನೆ. ಲಕ್ಷಣವೇನೋ ಸರಿ, ತಲೆಬುರುಡೆಯೊಳಗಿನ ಪಾಕವನ್ನು ಬೆರಳಿನಿಂದ ಒತ್ತಿ ನೋಡುವುದೆಂತು? ಮಧ್ವಮತದ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಪ್ರತ್ಯಕ್ಷವನ್ನು ಕೆಡಿಸುವ ವಿಷಯದೋಷಗಳನ್ನು ಎಣಿಸುವಾಗ, ಅತಿದೂರ, ಅತಿಸಾಮೀಪ್ಯಗಳೊಡನೆ ವ್ಯವಧಾನವನ್ನೂ ಸಾದೃಶ್ಯವನ್ನೂ ಸೇರಿಸುತ್ತಾರೆ. ನಮ್ಮ ರೈತನಲ್ಲಿ ಕಡೆಯ ಎರಡೂ ಕೂಡಿವೆ: ಮೂಳೆಯ ಮರೆ, ಉಂಗುರದ ಹೋಲಿಕೆ.

ಎರಡು ವಸ್ತುಗಳನ್ನರಿಯದೆ ಅವುಗಳ ಭೇದವನ್ನರಿಯಲಾಗದು, ಭೇದವನ್ನರಿಯದೆ ಅವು ಎರಡೆಂದರಿಯಲಾಗದು; ಈ ಅನ್ಯೋನ್ಯಾಶ್ರಯವನ್ನು ತೋರಿಸಿ ಅದ್ವೈತಿಯು ಭೇದವನ್ನೇ ನಿರಾಕರಿಸುತ್ತಾನೆ. ಭೇದವು ಹೊರಗಿನಿಂದ ಅಂಟಿದ ಗುಣವಲ್ಲ, ವಸ್ತುವಿನ ಸ್ವರೂಪವೇ ಅದು, ಸಂಶಯವು ಏಳುವುದು ಹೋಲಿಕೆಯಿರುವೆಡೆ ಮಾತ್ರ ಎಂಬುದು ಮಧ್ವರ ಉತ್ತರ. ಪಕ್ಷ ಕಟ್ಟುವ ಯೋಗ್ಯತೆ ನನಗಿಲ್ಲದಿದ್ದರೂ, ಈ ಒಂದು ಉಂಗುರದ ಮುಂದೆ ನಾನು ಮಧ್ವರ ಕಡೆಗೇ ವಾಲುತ್ತೇನೆ.

ಏಕೆಂದರೆ, ಸ್ವರೂಪವನ್ನು ಬಯಲಿಗೆಳೆಯುವ ಕೆಲಸವನ್ನು ಅಲ್ಲಿ ನೀರು ಮಾಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತೂಬಿನಲ್ಲಿ ಓಡುತ್ತದೆ; ಅದೇ ನೀರು ಎರೆಹೊಲದ ಕೆಸರಿಗೆ ಸಿಕ್ಕಿದರೆ ಕಾಲನ್ನೂ ಬಿಡದು, ತಾನೂ ಕದಲದು. ಜೀವಕಣಗಳೂ ಸೂಕ್ಷ್ಮಾಣುಗಳೂ ದಟ್ಟೈಸಿದ ಕೀವು ಅಂಥ ಕೆಸರು; ಅರ್ಬುದದ ಕೊಳೆತ ಒಡಲಲ್ಲಿ ನೀರಿಗೆ ಸಂಚಾರವುಂಟು. 1965ರಲ್ಲಿ ಸ್ಟೆಸ್ಕಾಲ್ ಮತ್ತು ಟ್ಯಾನರ್ ಪ್ರಕಟಿಸಿದ, 1980ರ ದಶಕದಲ್ಲಿ ಫ್ರಾನ್ಸಿನ ಡೆನಿ ಲೆ ಬಿಹಾನ್ ಮಿದುಳಿನ ಚಿತ್ರಣಕ್ಕೆ ತಂದ ಉಪಾಯದಲ್ಲಿ, ಕಾಂತಕ್ಷೇತ್ರದ ಒಂದು ಸೆಳೆತವು ನೀರಿನ ಕಣಕಣಕ್ಕೂ ಅದರ ಸ್ಥಾನದ ಗುರುತು ಹಾಕುತ್ತದೆ, ಮತ್ತೊಂದು ಸೆಳೆತವು ಅದನ್ನು ಅಳಿಸುತ್ತದೆ. ಇದ್ದಲ್ಲೇ ಇದ್ದ ನೀರಿಗೆ ಲೆಕ್ಕ ಚುಕ್ತಾ ಆಗಿ ಬೆಳಕು ಉಳಿಯುತ್ತದೆ, ಅಲೆದ ನೀರಿಗೆ ಲೆಕ್ಕ ತಪ್ಪಿ ಬೆಳಕು ಆರುತ್ತದೆ. ಹೀಗಾಗಿ ಉಂಗುರದ ನಡುವಣ ಕಪ್ಪು, ಕೀವಾದರೆ ಹಾಲಿನಂತೆ ಬೆಳಗುತ್ತದೆ, ಅರ್ಬುದವಾದರೆ ಸಾಮಾನ್ಯವಾಗಿ ಮಂಕಾಗಿಯೇ ಉಳಿಯುತ್ತದೆ. ಆ ಬೆಳಕೂ ಒಮ್ಮೊಮ್ಮೆ ನೀರಿನ ಬೇರೊಂದು ಗುಣದಿಂದ ತೂರಿಬಂದ ಸುಳ್ಳುಬೆಳಕಾಗಿರುವುದುಂಟು. ಆದುದರಿಂದ ಚಲನೆಯನ್ನು ಮಾತ್ರ ಅಳೆದ ಎ.ಡಿ.ಸಿ. ನಕ್ಷೆಯಲ್ಲಿ ಅದೇ ಜಾಗ ಕಪ್ಪಾಗಿದೆಯೇ ಎಂದು ವೈದ್ಯನು ತಾಳೆ ನೋಡುತ್ತಾನೆ.

ಆದರೂ ಕೀವಿದ್ದಲ್ಲಿ ಬೆಳಕೆಂಬ ಈ ವ್ಯಾಪ್ತಿ ಅಖಂಡವಲ್ಲ. ಕ್ಷಯದ ಕುರು, ಬೂಷ್ಟಿನ ಕುರು ಕೆಲವೊಮ್ಮೆ ಬೆಳಗುವುದಿಲ್ಲ. ರಕ್ತ ಸುರಿದ ಅರ್ಬುದ ಒಮ್ಮೊಮ್ಮೆ ಬೆಳಗಿ ವಂಚಿಸುತ್ತದೆ. ಆಗ ಸ್ಪೆಕ್ಟ್ರೋಸ್ಕೋಪಿಯನ್ನು ಕೇಳಬೇಕು. ಅಸಿಟೇಟ್, ಸಕ್ಸಿನೇಟ್‌ಗಳ ರೇಖೆಗಳೆದ್ದರೆ ಸೂಕ್ಷ್ಮಾಣುಗಳು ಅಲ್ಲಿ ಉಂಡು ಬಿಟ್ಟ ಎಂಜಲು ಸಿಕ್ಕಂತೆ. ಅದೂ ಸಾಲದಿದ್ದರೆ ಸೂಜಿ. ಕುರುವೆಂದು ನಿಶ್ಚಯವಿದ್ದರೂ ಯಾವ ಸೂಕ್ಷ್ಮಾಣು, ಯಾವ ಔಷಧ ಎಂದರಿಯಲು ಸಾಮಾನ್ಯವಾಗಿ ಸೂಜಿ ಬೇಕಾಗುತ್ತದೆ. ಅಷ್ಟರಮಟ್ಟಿಗೆ ಅನುಮಾನವು ಪ್ರತ್ಯಕ್ಷದ ಬಾಗಿಲವರೆಗೆ ಕೈಹಿಡಿದು ತರುವ ಗೆಳೆಯ, ಒಳಗೆ ಬರುವವನಲ್ಲ.

ನಮ್ಮ ರೈತನ ತಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಫಿಲ್ಮನ್ನು ಬಿಸಿಲಿಗೆ ಹಿಡಿದಿದ್ದಾನೆ. ಹಾಳೆಯ ತುಂಬ ಸಾಲುಸಾಲಾಗಿ ಅಣ್ಣನ ತಲೆ. ಒಂದು ಸಾಲಿನಲ್ಲಿ ಉಂಗುರ. ಅದರ ಕೆಳಗಿನ ಸಾಲಿನಲ್ಲಿ, ಅದೇ ಜಾಗದಲ್ಲಿ, ಒಂದು ಬಿಳಿಯ ಬೊಟ್ಟು. ಅವನ ಕಣ್ಣು ಉಂಗುರವನ್ನೇ ನೋಡುತ್ತಿದೆ.