ಹಿಂತಿರುಗಿ ಬಂದವನು ಒಬ್ಬನೇ



ಮಣ್ಣಗುಡ್ಡದಿಂದ ಉರ್ವದ ಕಡೆಗೆ ನಡೆದರೆ ಚಿಲಿಂಬಿ ಹೆಚ್ಚು ದೂರವಿಲ್ಲ. 1892ರಲ್ಲಿ ಕುದ್ಮುಲ್ ರಂಗರಾಯರು ಅಲ್ಲಿ ಒಂದು ಬಾಡಿಗೆ ಮನೆಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಈ ಕಾರಣಕ್ಕೆ ಸ್ವಜಾತಿಯವರೇ ಆ ವಕೀಲರನ್ನು ದೂರವಿಟ್ಟರು. ಆದರೂ ಅವರು ಎದೆಗುಂದದೆ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. 1928ರಲ್ಲಿ ತೀರಿಕೊಂಡ ಅವರ ಸಮಾಧಿ ನಂದಿಗುಡ್ಡೆಯಲ್ಲಿದೆ. ಅವರಿಗೊಂದು ಆಸೆ ಇತ್ತು: ತಾವು ಓದಿಸಿದ ಸಮುದಾಯದ ಮಕ್ಕಳು ಸರಕಾರಿ ಹುದ್ದೆಗೇರಿ ನಮ್ಮ ರಸ್ತೆಗಳಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕ.

ಗುರುವಿನ ಪಾದಧೂಳಿಯನ್ನು ಶಿಷ್ಯನು ಹಣೆಗೆ ಹಚ್ಚಿಕೊಳ್ಳುವುದು ನಮ್ಮ ನಾಡಿನ ವಾಡಿಕೆ. ಇಲ್ಲಿ ಕಲಿಸಿದವರೇ ಶಿಷ್ಯನ ಧೂಳನ್ನು ಬಯಸಿದರು! ತನಗಾಗಿ ಏನನ್ನೂ ಕೇಳದ ಗುರುವಿನ ಋಣವನ್ನು ತೀರಿಸುವುದಾದರೂ ಹೇಗೆ?

ಈ ಋಣ ಪೂರ್ತಿಯಾಗಿ ತೀರುವಂಥದ್ದಲ್ಲ ಎಂದು ಅರಿಸ್ಟಾಟಲ್ ಅಂದೇ ಕಂಡಿದ್ದನು. ದೇವರಿಗೆ, ಹೆತ್ತವರಿಗೆ, ಜ್ಞಾನ ಕೊಟ್ಟವರಿಗೆ ಸರಿಸಮನಾದುದನ್ನು ಹಿಂದಿರುಗಿಸಲಾಗದು. ಕೈಲಾದಷ್ಟು ಕೊಟ್ಟರೆ ಸಾಕು ಎಂಬುದು ಅವನ ವಿಚಾರ. ಸಂತ ತೋಮಸ್ ಅಕ್ವಿನಾಸರು ಕೃತಜ್ಞತೆಗೆ ಮೂರು ಮೆಟ್ಟಿಲುಗಳನ್ನು ತೋರಿಸುತ್ತಾರೆ. ಮೊದಲನೆಯದು, ಪಡೆದ ಉಪಕಾರವನ್ನು ಉಪಕಾರವೆಂದು ಗುರುತಿಸುವುದು. ಎರಡನೆಯದು, ಬಾಯಿಬಿಟ್ಟು ವಂದನೆ ಹೇಳುವುದು. ಮೂರನೆಯದು, ತಕ್ಕ ಸಮಯದಲ್ಲಿ ಶಕ್ತಿಗನುಸಾರವಾಗಿ ಪ್ರತ್ಯುಪಕಾರ ಮಾಡುವುದು. ಇವುಗಳಲ್ಲಿ ಮೊದಲನೆಯದನ್ನೇ ತಪ್ಪುವುದು, ಅಂದರೆ ಪಡೆದದ್ದನ್ನೇ ಮರೆತುಬಿಡುವುದು, ಕೃತಘ್ನತೆಯಲ್ಲಿ ಅತ್ಯಂತ ಘೋರವಾದುದು ಎನ್ನುತ್ತಾರೆ ಸಂತರು.

ನಾನು ತಪ್ಪಿದ್ದು ಎರಡನೆಯ ಮೆಟ್ಟಿಲಲ್ಲಿ. ನನ್ನ ಮನೆಮಾತು ಕೊಂಕಣಿ. ಶಾಲೆಯಲ್ಲಿ ನನ್ನ ಕನ್ನಡ ಕೇಳಿ ಮಕ್ಕಳು ನಗುತ್ತಿದ್ದರು. ನಮ್ಮ ಮಾಸ್ಟ್ರು ಮಾತ್ರ ನಗಲಿಲ್ಲ. ಸಂಜೆ ಗಂಟೆ ಬಾರಿಸಿದ ಮೇಲೂ ನನ್ನನ್ನು ಕೂರಿಸಿ, ಒಂದೊಂದೇ ವಾಕ್ಯವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಇಂದು ಬಲಿಪೂಜೆಯಲ್ಲಿ ನಾನು ಕನ್ನಡದಲ್ಲಿ ಪ್ರಸಂಗ ಮಾಡುವುದು ಅವರು ಕೊಟ್ಟ ನಾಲಿಗೆಯಿಂದ. ನಾನು ಅದನ್ನು ಮರೆತಿರಲಿಲ್ಲ. ಹೋಗಬೇಕು, ಕಾಣಬೇಕು ಎಂದು ವರ್ಷ ವರ್ಷವೂ ಅಂದುಕೊಂಡೆ. ಕೊನೆಗೆ ಹೋದದ್ದು ಅವರ ಮರಣದ ಸುದ್ದಿ ಕೇಳಿದ ಮೇಲೆ. "ಫಾದರ್, ಮಾಸ್ಟ್ರು ನಿಮ್ಮನ್ನು ಆಗಾಗ ಕೇಳುತ್ತಿದ್ದರು" ಎಂದರು ಮನೆಯವರು. ನನಗೆ ಉತ್ತರ ಹೊಳೆಯಲಿಲ್ಲ.

ಅಂದಿನಿಂದ ಹತ್ತು ಮಂದಿ ಕುಷ್ಠರೋಗಿಗಳ ಕಥೆಯನ್ನು (ಲೂಕ 17: 11-19) ನಾನು ಬೇರೆ ರೀತಿಯಲ್ಲಿ ಓದುತ್ತೇನೆ. ಆ ಒಂಬತ್ತು ಮಂದಿ ದುಷ್ಟರೇನೂ ಅಲ್ಲ. ಯಾಜಕರ ಬಳಿಗೆ ಹೋಗಿರೆಂದು ಸ್ವಾಮಿ ಹೇಳಿದ್ದರು, ಅವರು ಹೋದರು. ಮನಸ್ಸಿನಲ್ಲಿ ಕೃತಜ್ಞತೆ ಇದ್ದಿರಲೂಬಹುದು. ಆದರೆ ಹಿಂತಿರುಗಿ ಬಂದವನು ಒಬ್ಬನೇ, ಅದೂ ಪರಕೀಯನಾದ ಸಮಾರಿಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಸ್ವಾಮಿ ಕೇಳಿದರು.

"ಗುರುಗಳು ಕಲಿಸಿದಂತೆ ಬಾಳುತ್ತಿದ್ದೇನೆ, ಅದೇ ವಂದನೆ" ಎಂದು ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಇದು ಅರ್ಧ ಸತ್ಯ. ಪ್ರತ್ಯುಪಕಾರ ಮುಂದಕ್ಕೆ ಹೋಗಬಹುದು. ನಾವು ಕಲಿತದ್ದನ್ನು ಇನ್ನೊಂದು ಮಗುವಿಗೆ ಕಲಿಸಿದರೆ ರಂಗರಾಯರಂಥವರಿಗೆ ಅದಕ್ಕಿಂತ ದೊಡ್ಡ ದಕ್ಷಿಣೆ ಇಲ್ಲ. ಆದರೆ ವಂದನೆ ಮಾತ್ರ ಹಿಂದಕ್ಕೇ ಹೋಗಬೇಕು, ಕೊಟ್ಟವರ ಬಾಗಿಲಿಗೇ ಹೋಗಬೇಕು.

ಕೆಲವು ಗುರುಗಳು ನಮ್ಮನ್ನು ನೋಯಿಸಿಯೂ ಇರಬಹುದು. ಆ ನೋವನ್ನು ಉಪಕಾರವೆಂದು ಕರೆಯಬೇಕಾಗಿಲ್ಲ. ಆದರೆ ಆ ಕಹಿಯಲ್ಲಿ, ಪ್ರೀತಿಯಿಂದ ಕಲಿಸಿದವರನ್ನು ಮರೆಯದಿರೋಣ.

ಸೆಪ್ಟೆಂಬರ್ 5ರಂದು ಶಿಕ್ಷಕರ ದಿನ. ಮೂರು ದಿನ ಕಳೆದರೆ ಮೊಂತಿ ಹಬ್ಬ. ಆಶೀರ್ವದಿಸಿದ ಹೊಸ ತೆನೆಯ ಕಾಳುಗಳನ್ನು ಪರವೂರಿನಲ್ಲಿರುವ ಮಕ್ಕಳಿಗೂ ಅಂಚೆಯಲ್ಲಿ ಕಳುಹಿಸುವವರು ನಾವು. ಅಂಥ ನೆನಪು ನಮಗೆ ಅಕ್ಷರ ಬಿತ್ತಿದವರಿಗೂ ಸಲ್ಲಲಿ. ನಿಮಗೆ ಓದು ಕಲಿಸಿದ ಟೀಚರ್, ಜಪ ಕಲಿಸಿದ ಸಿಸ್ಟರ್, ಕಸುಬು ಕಲಿಸಿದ ಯಜಮಾನರು ಇನ್ನೂ ಬದುಕಿದ್ದರೆ, ಈ ವಾರವೇ ಹೋಗಿ ಕಾಣಿರಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಅಗಲಿದ್ದರೆ ಅವರ ಹೆಸರನ್ನು ಪೂಜೆಯಲ್ಲಿ ನೆನೆಯಿರಿ. ನಾನು ನನ್ನ ಮಾಸ್ಟ್ರಿಗೆ ಈಗ ಮಾಡಬಲ್ಲದ್ದು ಅಷ್ಟೇ. ನಿಮಗೆ ಇನ್ನೂ ಸಮಯವಿದೆ.