ಕಿವಿ, ಮಂತ್ರ ಮತ್ತು ಹಣೆಬರಹ

ಮಗ್ಗದ ಸದ್ದಿನಲ್ಲೇ ತೊಟ್ಟಿಲು ತೂಗುವ ಬನಹಟ್ಟಿಯಂಥ ನೇಕಾರರ ಊರಿನಲ್ಲಿ, ಕೂಸು ಸದ್ದಿಗೆ ಬೆಚ್ಚದಿದ್ದರೆ ಅದು ಸದ್ದಿಗೆ ಒಗ್ಗಿಕೊಂಡಿದೆಯೆಂದು ತಿಳಿಯುವುದು ಸಹಜವಾದುದರಿಂದ, ಹುಟ್ಟುಕಿವುಡು ಮಾತು ತಡವಾದಾಗಲಷ್ಟೇ ಗಮನಕ್ಕೆ ಬರಬಹುದು. ಆಗ ಸುಲಭವಾಗಿ ಒದಗುವ ವಿವರಣೆ ಪೂರ್ವಜನ್ಮದ ಕರ್ಮ. ಆದರೆ ತಡವಾದ ಅರಿವನ್ನು ವಿಧಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವೇ?

ಸಾವಿರದ ಐನೂರು ಗ್ರಾಂಗಿಂತ ಕಡಿಮೆ ತೂಕದ ಕೂಸು, ರಕ್ತ ಬದಲಿಸಬೇಕಾದಷ್ಟು ಕಾಮಾಲೆಯಾದ ಕೂಸು, ಮಿದುಳಿನ ಪೊರೆಯ ಉರಿಯೂತ ಕಂಡ ಕೂಸು, ಮನೆತನದಲ್ಲಿ ಕಿವುಡುತನವಿರುವ ಕೂಸು, ಇವು ಕಿವುಡುತನದ ಹೆಚ್ಚಿನ ಅಪಾಯವಿರುವವು. ಒಳಗಿವಿಯ ಕೋಶಗಳು ಹೊಮ್ಮಿಸುವ ಸಣ್ಣ ಮರುದನಿಯನ್ನು ಅಳೆಯುವ ಓಎಇ ಪರೀಕ್ಷೆ ನಿದ್ದೆಯಲ್ಲಿರುವ ಕೂಸಿಗೆ ನೋವಿಲ್ಲದೆ ಮುಗಿಯುತ್ತದೆ. ತೀವ್ರ ಕಾಮಾಲೆಯಲ್ಲಿ ಒಳಗಿವಿ ಸರಿಯಿದ್ದೂ ನರ ಕೆಡಬಹುದಾದುದರಿಂದ, ನರದ ದಾರಿಯನ್ನು ಅಳೆಯುವ ಬೆರಾ ಪರೀಕ್ಷೆಯೂ ಅಂಥವರಿಗೆ ಬೇಕು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ನಿರ್ಣಯ, ಆರರೊಳಗೆ ನೆರವು ಎಂಬುದು ಒಪ್ಪಿತ ಕ್ರಮ. ಹುಟ್ಟುಕಿವುಡರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಇಂಥ ಯಾವ ಅಪಾಯದ ಗುರುತೂ ಇರುವುದಿಲ್ಲವೆಂಬುದು, ಆಯ್ದ ಕೂಸುಗಳನ್ನಷ್ಟೇ ಪರೀಕ್ಷಿಸುವ ನೀತಿಯ ನೈತಿಕ ಕೊರತೆ.

ಕಿವಿ ಕೇಳದಿದ್ದರೆ ಅರಿವಿನ ದಾರಿಯೇ ಮುಚ್ಚಿತೇ ಎಂಬ ಪ್ರಶ್ನೆಗೆ ಧರ್ಮದ ಆಚರಣೆಯೊಂದು ಉತ್ತರ ಕೊಡುತ್ತದೆ. ವೀರಶೈವ ದೀಕ್ಷೆಯ ಮೂರು ಬಗೆಗಳಲ್ಲಿ ವೇಧಾದೀಕ್ಷೆ ತಲೆಯ ಮೇಲೆ ಗುರು ಕೈಯಿಡುವುದು, ಮಂತ್ರದೀಕ್ಷೆ ಕಿವಿಯಲ್ಲಿ ಮಂತ್ರ ಉಸುರುವುದು, ಕ್ರಿಯಾದೀಕ್ಷೆ ಅಂಗೈಗೆ ಇಷ್ಟಲಿಂಗ ಕೊಡುವುದು. ಮೂರರಲ್ಲಿ ಒಂದು ಮಾತ್ರ ಕಿವಿಯ ದಾರಿ ಹಿಡಿಯುವುದರಿಂದ, ಸ್ಪರ್ಶ ಮತ್ತು ದೃಷ್ಟಿಗಳಿಂದಲೂ ಅರಿವು ತಲುಪುತ್ತದೆಂಬ ನಿಲುವು ಆ ಆಚರಣೆಯಲ್ಲೇ ಅಡಗಿದೆ. ಹಾಗಾಗಿ ತಪಾಸಣೆಯ ಉದ್ದೇಶ ಶ್ರವಣಸಾಧನ ತೊಡಿಸುವುದಷ್ಟೇ ಅಲ್ಲ, ಸಂಜ್ಞಾಭಾಷೆಯಿಂದಾದರೂ ಕೂಸಿಗೆ ಹೊತ್ತಿಗೆ ಸರಿಯಾಗಿ ಒಂದು ಭಾಷೆಯನ್ನು ಒದಗಿಸುವುದು.