ಪರದೇಶದಲ್ಲಿ ತೆರೆದ ಬಾಗಿಲು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮಗಳೊಬ್ಬಳು ನರ್ಸಿಂಗ್ ಕಲಿತು ಪರದೇಶಕ್ಕೆ ಹೊರಟರೆ ತಾಯಿ ಮೊದಲು ಕೇಳುವುದು ಸಂಬಳವನ್ನಲ್ಲ, “ಅಲ್ಲಿ ನಮ್ಮೋರು ಅಂತ ನಿಂಗೆ ಯಾರಿದ್ದಾರವ್ವಾ?” ಎಂದು.

ಕೊರಿಂಥಕ್ಕೆ ಬಂದಾಗ ಸಂತ ಪೌಲರೂ ಪರಸ್ಥಳದವರೇ. ಅವರಿಗೆ ಮನೆಯಲ್ಲಿ ಜಾಗ ಕೊಟ್ಟವರು ಅಕ್ವಿಲ, ಪ್ರಿಸಿಲ್ಲ ದಂಪತಿ. ಚಕ್ರವರ್ತಿ ಕ್ಲಾವ್ದಿಯನ ಆಜ್ಞೆಯಿಂದ ರೋಮ್ ಬಿಟ್ಟು ಬಂದಿದ್ದ ಅವರದೂ ಪೌಲರದೂ ಒಂದೇ ಕಸುಬು, ಗುಡಾರ ಮಾಡುವುದು. ಕಸುಬು ಪರಿಚಯ ತಂದಿತು. ವಿಶ್ವಾಸ ಅದನ್ನು ಬಂಧುತ್ವವಾಗಿಸಿತು.

ಇಂದು ಕಥೋಲಿಕ ದಾದಿಯರಿಗೂ ಅಂಥ ಆಸರೆಯುಂಟು. 1933ರಲ್ಲಿ ಹುಟ್ಟಿದ ‘ಸಿಸಿಯಾಮ್ಸ್’ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹಲವು ದೇಶಗಳ ಕಥೋಲಿಕ ದಾದಿಯರ ಸಂಘಗಳನ್ನು ಬೆಸೆದಿದೆ. ಮಗಳೇ, ತಲುಪಿದ ವಾರವೇ ಅಲ್ಲಿನ ಧರ್ಮಕೇಂದ್ರದಲ್ಲಿ ಹೆಸರು ಬರೆಸು. ಇಂಥ ಸಂಘವಿದೆಯೇ ಎಂದು ವಿಚಾರಿಸು. ನೆಲೆ ಸಿಕ್ಕ ಮೇಲೆ ನಿನ್ನ ಬಾಗಿಲು ಮುಚ್ಚಬೇಡ. ನಿನ್ನ ಹಿಂದೆ ಇನ್ನೊಬ್ಬಳು ಬರುತ್ತಾಳೆ.

ಊರಲ್ಲಿರುವ ನಮಗೂ ಒಂದು ಪ್ರಶ್ನೆ. ಮಗಳನ್ನು ಅಲ್ಲಿ ಯಾರಾದರೂ ಮಾತಾಡಿಸಲಿ ಎಂದು ಜಪಸರ ಹಿಡಿಯುತ್ತೇವೆ. ಕಳೆದ ಭಾನುವಾರ ಬಲಿಪೂಜೆಯಲ್ಲಿ ಕೊನೆಯ ಸಾಲಿನಲ್ಲಿದ್ದ ಅಪರಿಚಿತನನ್ನು ನಾವು ಮಾತಾಡಿಸಿದೆವೇ? ಅವನೂ ಒಬ್ಬ ತಾಯಿಯ ಮಗ. ಅವನಲ್ಲಿ ನಮ್ಮ ಬಾಗಿಲಿಗೆ ಬಂದವರು ಯೇಸುಸ್ವಾಮಿಯೇ.